ಹುಣ್ಣು ಮಾಯಿಸುವ ನಾಳ, ಕಣ್ಣು ಕೆಡಿಸುವ ನಾಳ

ಈಸೂರಿನ ಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವ ಸದ್ಭಕ್ತರಿಗೆ ಮುಳ್ಳು ಚುಚ್ಚುವುದು, ಕುಡುಗೋಲು ತಾಗುವುದು ಹೊಸತಲ್ಲ. ಬೇರೆಯವರಲ್ಲಿ ಬೇಗ ಮಾಯುವ ಇಂಥ ಗಾಯವು ಮಧುಮೇಹಿಗಳಲ್ಲಿ ತಿಂಗಳುಗಟ್ಟಲೆ ಉಳಿಯುವುದೇಕೆ?

ಶುದ್ಧ ವ್ರಣವು ನಾಲಗೆಯಂತೆ ಕೆಂಪಾಗಿ, ಮೃದುವಾಗಿ, ವೇದನೆಯಿಲ್ಲದೆ ಇರುವುದೆಂದು ಸುಶ್ರುತಾಚಾರ್ಯರು ಹೇಳಿದ್ದಾರೆ. ಆ ಕೆಂಪು ಹೊಸದಾಗಿ ಹುಟ್ಟಿದ ಕಿರು ರಕ್ತನಾಳಗಳದು.

ಗಾಯವಾದೆಡೆ ಪ್ರಾಣವಾಯುವಿನ ಕೊರತೆಯಾದಾಗ ಅಲ್ಲಿನ ಜೀವಕೋಶಗಳು ‘ವಿಇಜಿಎಫ್’ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. 1989ರಲ್ಲಿ ಅಮೆರಿಕದಲ್ಲಿ ನೆಪೋಲಿಯೋನೆ ಫೆರಾರಾ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಸಮೀಪದ ರಕ್ತನಾಳದ ಒಳಪದರದ ಕೋಶಗಳಲ್ಲಿರುವ ಗ್ರಾಹಕ ಪ್ರೋಟೀನುಗಳು ಈ ಕರೆಯನ್ನು ಗ್ರಹಿಸುತ್ತವೆ. ಆಗ ಒಂದು ಕೋಶವು ಮುಂದಾಳಾಗಿ ಹೊರಚಾಚುತ್ತದೆ. ಎಲ್ಲವೂ ಹಾಗೆಯೇ ಹೊರಟರೆ ನಾಳವೇ ರೂಪುಗೊಳ್ಳದು. ಆದ್ದರಿಂದ ಮುಂದಾಳು ಪಕ್ಕದ ಕೋಶಗಳಲ್ಲಿರುವ ‘ನಾಚ್’ ಎಂಬ ಪ್ರೋಟೀನನ್ನು ಎಚ್ಚರಿಸಿ ಅವುಗಳನ್ನು ತಡೆಯುತ್ತದೆ. ಅವು ಹಿಂದೆ ನಿಂತು ನಾಳದ ಗೋಡೆಯಾಗುತ್ತವೆ. ಕೆರೆಯ ತೂಬನ್ನು ಬೇಕಾದಷ್ಟೇ ತೆರೆಯುವ ನೀರುಗಂಟಿಯ ಕಾಯಕವಿದು.

ಮಧುಮೇಹವು ಈ ಅಳತೆಯನ್ನೇ ಕೆಡಿಸುತ್ತದೆ. ಕಾಲಿನ ಹುಣ್ಣಿನಲ್ಲಿ ಕರೆ ಕ್ಷೀಣಿಸಿ ಹೊಸ ನಾಳಗಳು ಸಾಲದಾಗುತ್ತವೆ. ಕಣ್ಣಿನಲ್ಲಿ ಇದರ ವಿಪರೀತ. ಅಕ್ಷಿಪಟಲದ ಕಿರುನಾಳಗಳು ಮುಚ್ಚಿಹೋಗಿ, ಹಸಿದ ಪಟಲವು ವಿಇಜಿಎಫ್ ಅನ್ನು ಮಿತಿಮೀರಿ ಸ್ರವಿಸುತ್ತದೆ. ಆಗ ಹುಟ್ಟುವ ದುರ್ಬಲ ನಾಳಗಳು ಒಡೆದು ರಕ್ತ ಸೋರುತ್ತದೆ. ಪಟಲವು ಎಳೆಯಲ್ಪಟ್ಟು ದೃಷ್ಟಿ ನಾಶವಾಗಬಹುದು. ಒಂದೇ ವ್ಯಾಧಿ, ಒಂದೆಡೆ ಬರ, ಇನ್ನೊಂದೆಡೆ ನೆರೆ.

ಇದರ ಆರಂಭದಲ್ಲಿ ನೋವಿಲ್ಲ, ಮಬ್ಬೂ ಇಲ್ಲ. “ಕಣ್ಣು ಚೆನ್ನಾಗಿಯೇ ಕಾಣುತ್ತದೆ ಡಾಕ್ಟ್ರೇ” ಎಂದು ಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡಿದ ಹಿರಿಯರೊಬ್ಬರು, ಮುಂದೆ ಮಗನ ಕೈ ಹಿಡಿದು ನನ್ನಲ್ಲಿಗೆ ಬಂದರು. ಅವರಿಗೆ ಕೊಡಲು ನನ್ನಲ್ಲಿ ಔಷಧವಿರಲಿಲ್ಲ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಈ ನಾಳಗಳನ್ನು ಯಾವ ಕಷಾಯಕ್ಕೂ ಬಿಟ್ಟು ಕಾಯಬಾರದು. ವಿಇಜಿಎಫ್ ಅನ್ನು ತಡೆಯುವ ಚುಚ್ಚುಮದ್ದು, ಲೇಸರ್ ಚಿಕಿತ್ಸೆಗಳು ನೇತ್ರತಜ್ಞರಲ್ಲಿವೆ. ಸಕಾಲಕ್ಕೆ ಹೋದವರ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ.

ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಹನಿ ಹಾಕಿಸಿಕೊಂಡು ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕು. ರಕ್ತದ ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿರಲಿ. ಬೀಡಿ, ತಂಬಾಕು ಬೇಡ. ಗದ್ದೆಗೆ ಪಾದರಕ್ಷೆ ಇರಲಿ. ಗಾಯಕ್ಕೆ ಸುಣ್ಣ, ಸೊಪ್ಪಿನ ರಸ ಹಚ್ಚಿ ದಿನ ಕಳೆಯದೆ ವೈದ್ಯರಿಗೆ ತೋರಿಸಿರಿ.

ನಿತ್ಯ ಸ್ನಾನ ಮುಗಿಸಿ ಪೂಜೆಗೆ ಕೂರುವ ಮುನ್ನ ಅಂಗಾಲುಗಳನ್ನೊಮ್ಮೆ ನೋಡಿಕೊಳ್ಳಿರಿ. ಅಂಗೈಯಲ್ಲಿನ ಇಷ್ಟಲಿಂಗವನ್ನು ದಿಟ್ಟಿಸಲು ಕಣ್ಣು ಬೇಕು. ಕಾಯಕಕ್ಕೆ ಕಾಲು ಬೇಕು.