ಪಂಚಬಿಂದು ವಿನ್ಯಾಸ: ಗುಡಿ, ಇಗರ್ಜಿ ಮತ್ತು ಕವಡೆಯಾಟ

ಚೌಕದ ನಾಲ್ಕು ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು, ಹೀಗೆ ಐದು ಬಿಂದುಗಳನ್ನಿರಿಸುವ ಕ್ರಮವನ್ನು ಪಾಶ್ಚಾತ್ಯರು ‘ಕ್ವಿನ್‌ಕಂಕ್ಸ್’ ಎನ್ನುತ್ತಾರೆ. ಮೂಲತಃ ಅದು ರೋಮನರ ಒಂದು ನಾಣ್ಯದ ಹೆಸರು. ‘ಆಸ್’ ಎಂಬ ನಾಣ್ಯದ ಹನ್ನೆರಡರಲ್ಲಿ ಐದು ಪಾಲು ಅದರ ಬೆಲೆ. ಕನ್ನಡದಲ್ಲಿ ಇದನ್ನು ಪಂಚಬಿಂದು ಎಂದು ಕರೆಯಬಹುದು. ವಾಸ್ತುಶಿಲ್ಪದಲ್ಲಿಯೂ ಸಂಭವಗಣಿತದಲ್ಲಿಯೂ ಇದಕ್ಕೆ ಸ್ಥಾನವುಂಟು. ಆದರೆ ಎರಡೆಡೆಗಳಲ್ಲಿ ಅದು ಮಾಡುವ ಕಾರ್ಯ ಒಂದೇ ಅಲ್ಲ.

ಮೊದಲು ವಾಸ್ತುಶಿಲ್ಪವನ್ನು ನೋಡೋಣ. ಮುಂಬಯಿಯಲ್ಲಿ ನಾವು ದಿನವೂ ಕಾಣುವ ಕೊಲಾಬಾದ ಅಫ್ಘಾನ್ ಚರ್ಚು, ಬಾಂದ್ರಾದ ಮೌಂಟ್ ಮೇರಿ ಮೊದಲಾದ ಇಗರ್ಜಿಗಳು ಗೋಥಿಕ್ ಪದ್ಧತಿಯವು. ಅವುಗಳಲ್ಲಿ ಪಂಚಬಿಂದುವನ್ನು ಅರಸಬೇಕಾಗಿಲ್ಲ. ಅದು ಬೈಜಾಂಟಿಯಂ ಪದ್ಧತಿಯ ಲಕ್ಷಣ. ಕಾನ್‌ಸ್ಟಾಂಟಿನೋಪಲಿನಲ್ಲಿ 880ರಲ್ಲಿ ಪ್ರತಿಷ್ಠೆಗೊಂಡು ಈಗ ಉಳಿದಿಲ್ಲದ ‘ನೇಯಾ’ ಇಗರ್ಜಿಗೆ ಐದು ಗುಮ್ಮಟಗಳಿದ್ದುವು. ಈ ಪದ್ಧತಿಯಲ್ಲಿ ನಡುಗುಮ್ಮಟದ ಹೊರಒತ್ತಡವನ್ನು ನಾಲ್ಕು ದಿಕ್ಕಿನ ಕಮಾನುಚಾವಣಿಗಳು ತಡೆಯುತ್ತವೆ. ಮೂಲೆಯ ಅಂಕಣಗಳು ಆ ಕಟ್ಟಡಕ್ಕೆ ಸ್ಥಿರತೆಯನ್ನು ಕೊಡುತ್ತವೆ. ನಮ್ಮ ಪಂಚಾಯತನ ದೇವಾಲಯದಲ್ಲಿಯೂ ಆಕಾರ ಇದೇ. ಖಜುರಾಹೊದ ಲಕ್ಷ್ಮಣ ದೇವಾಲಯದಲ್ಲಿ ಜಗತಿಯ ನಾಲ್ಕು ಮೂಲೆಗಳ ಕಿರುಗುಡಿಗಳು ಇಂದಿಗೂ ನಿಂತಿವೆ. ಆದರೆ ಅವು ಪ್ರತ್ಯೇಕ ಕಟ್ಟಡಗಳು. ನಡುಶಿಖರದ ಭಾರಕ್ಕೂ ಅವಕ್ಕೂ ಸಂಬಂಧವಿಲ್ಲ. ಅಲ್ಲಿ ಪಂಚಬಿಂದುವು ದೇವತೆಗಳ ಸ್ಥಾನಕ್ರಮವನ್ನು ಸೂಚಿಸುತ್ತದೆ.

ಇನ್ನು ಗಣಿತ. ಫ್ರಾನ್ಸಿಸ್ ಗಾಲ್ಟನನು 1873ರ ಸುಮಾರಿಗೆ ಒಂದು ಹಲಗೆಯನ್ನು ಮಾಡಿಸಿದನು. ಅದರಲ್ಲಿ ಮೊಳೆಗಳು ಪಂಚಬಿಂದು ಕ್ರಮದಲ್ಲಿವೆ. ಮೇಲಿನ ಎರಡು ಮೊಳೆಗಳ ನಡುವಣ ತೆರವಿನ ಕೆಳಗೆ ಮುಂದಿನ ಸಾಲಿನ ಮೊಳೆಯಿದೆ. ಬೀಳುವ ಗುಂಡು ಪ್ರತಿ ಸಾಲಿನಲ್ಲಿ ಎಡಕ್ಕೋ ಬಲಕ್ಕೋ ಹೊರಳಲೇಬೇಕು. ನಾಲ್ಕು ಸಾಲುಗಳಾದರೆ ಹಾದಿಗಳು 16. ಕೆಳಗಣ ಐದು ಗೂಡುಗಳಿಗೆ ಅವು 1, 4, 6, 4, 1 ಎಂದು ಹಂಚಿಹೋಗುತ್ತವೆ.

ಈ ಸಂಖ್ಯೆಗಳು ನಮ್ಮ ಚೌಕಾಬಾರಕ್ಕೆ ಹೊಸವಲ್ಲ. ನಾಲ್ಕು ಕವಡೆಗಳಲ್ಲಿ ಒಂದೊಂದೂ ಅಂಗಾತ ಅಥವಾ ಬೋರಲು ಬೀಳುತ್ತದೆ. ಎರಡು ಅಂಗಾತ ಬೀಳುವ ಬಗೆಗಳು ಆರು. ನಾಲ್ಕೂ ಅಂಗಾತವಾಗಿ ‘ಚೌಕ’ ಬೀಳುವ ಬಗೆ ಒಂದೇ, ನಾಲ್ಕೂ ಬೋರಲಾಗಿ ‘ಬಾರ’ ಬೀಳುವ ಬಗೆಯೂ ಒಂದೇ. ವಿರಳವಾದುದರಿಂದಲೇ ಬಾರಕ್ಕೆ ಎಂಟರ ಬೆಲೆ, ಎರಡಕ್ಕೂ ಮರು ಆಟ. ಕವಡೆಯ ಎರಡು ಮೈ ಸಮವಲ್ಲವಾದುದರಿಂದ ನಿಜವಾದ ಪ್ರಮಾಣ ತುಸು ಬೇರೆಯಾದೀತು. ಎಣಿಕೆಯ ಕ್ರಮ ಮಾತ್ರ ಅದೇ.

ಆ ಎಣಿಕೆಗೆ ಸೂತ್ರವನ್ನು ಕೊಟ್ಟವನು ಮಹಾವೀರಾಚಾರ್ಯ. 9ನೆಯ ಶತಮಾನದ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಅವನು ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ನಾಲ್ಕರಲ್ಲಿ ಎರಡನ್ನು ಆಯುವ ಬಗೆಗಳೆಷ್ಟು? ನಾಲ್ಕು ಮೂರನ್ನು ಗುಣಿಸಿ, ಒಂದು ಎರಡರ ಗುಣಲಬ್ಧದಿಂದ ಭಾಗಿಸಿದರೆ ಆರು. ಅವನ ಸೂತ್ರ ಇದೇ. ಹೀಗೆಂದು ಸಂಭವಗಣಿತವೆಲ್ಲ ನಮ್ಮಲ್ಲಿಯೇ ಹುಟ್ಟಿತೆನ್ನುವುದು ಸಲ್ಲದು. ಬಗೆಗಳನ್ನು ಎಣಿಸುವುದು ಬೇರೆ. ಆ ಎಣಿಕೆಯಿಂದ ಆಕಸ್ಮಿಕದ ನಿಯಮವನ್ನು ಕಟ್ಟುವುದು ಬೇರೆ. ಎರಡನೆಯ ಕಾರ್ಯ 17ನೆಯ ಶತಮಾನದ ಯೂರೋಪಿನಲ್ಲಿ ನಡೆಯಿತು. ಆದರೆ ನೃಪತುಂಗನ ಕಾಲವೆಂದರೆ ‘ಕವಿರಾಜಮಾರ್ಗ’ವೊಂದನ್ನೇ ನೆನೆಯುವ ನಾವು, ಅದೇ ಕಾಲದ ಈ ಗಣಿತವನ್ನು ಮರೆತುದು ನಮ್ಮ ನಷ್ಟ.

ಚೌಕಾಬಾರದ ಹೆಸರೂ ನಿಯಮಗಳೂ ಸೀಮೆಯಿಂದ ಸೀಮೆಗೆ ಭಿನ್ನವಾಗಿವೆ. ಎಲ್ಲ ಸೀಮೆಗಳ ಕನ್ನಡಿಗರೂ ಒಂದೆಡೆ ನೆಲೆಸಿರುವ ಈ ನಗರದಲ್ಲಿ ಅವನ್ನು ಹಿರಿಯರಿಂದ ಕೇಳಿ ಬರೆದಿಡುವುದು ಸುಲಭ. ಆ ಹಿರಿಯರು ಇರುವಾಗಲೇ ಅದನ್ನು ಮಾಡಬೇಕು.