ಯುದ್ಧ ಮುಗಿದರೂ ಮಾಯದ ಗಾಯಕ್ಕೆ ಪ್ರಾಯಶ್ಚಿತ್ತದ ಮದ್ದು

ಕುರುಕ್ಷೇತ್ರವನ್ನು ಗೆದ್ದ ಧರ್ಮರಾಯ ಸಿಂಹಾಸನವೇರಲೊಪ್ಪದೆ ಕಾಡಿಗೆ ಹೊರಟುನಿಂತ ಪ್ರಸಂಗ ಮಹಾಭಾರತದ ಶಾಂತಿಪರ್ವದಲ್ಲಿದೆ. ಬಂಧುಗಳನ್ನು ಕೊಂದ ಪಾಪಪ್ರಜ್ಞೆ ಅವನನ್ನು ಸುಡುತ್ತಿತ್ತು. ಇಂತಹ ಬೇಗುದಿಯನ್ನು ಇಂದಿನ ಮನಃಶಾಸ್ತ್ರ 'ನೈತಿಕ ಗಾಯ' ಎಂದು ಗುರುತಿಸುತ್ತದೆ.

ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ, 1994ರಲ್ಲಿ ಪ್ರಕಟವಾದ 'ಅಕಿಲೀಸ್ ಇನ್ ವಿಯೆಟ್ನಾಂ' ಕೃತಿಯಲ್ಲಿ ಮೇಲಧಿಕಾರಿಗಳೇ ನ್ಯಾಯವನ್ನು ಮುರಿದಾಗ ಸೈನಿಕನಿಗಾಗುವ ಆಘಾತವನ್ನು ವಿವರಿಸಿದರು. 2009ರಲ್ಲಿ ಬ್ರೆಟ್ ಲಿಟ್ಜ್ ಮತ್ತು ಸಂಗಡಿಗರು ಈ ಪರಿಕಲ್ಪನೆಯನ್ನು ವಿಸ್ತರಿಸಿದರು. ಅಂತಃಸಾಕ್ಷಿಗೆ ವಿರುದ್ಧವಾದುದನ್ನು ಸ್ವತಃ ಮಾಡುವುದು, ತಡೆಯಲಾಗದೆ ಹೋಗುವುದು, ಕಣ್ಣಾರೆ ಕಾಣುವುದು ಎಲ್ಲವೂ ಇದರಲ್ಲಿ ಸೇರಿದವು.

ಆಘಾತೋತ್ತರ ಒತ್ತಡದ ಕಾಯಿಲೆಯಲ್ಲಿ ಭಯ ಪ್ರಧಾನವಾದರೆ, ನೈತಿಕ ಗಾಯದಲ್ಲಿ ಅಪರಾಧಪ್ರಜ್ಞೆ ಮತ್ತು ನಾಚಿಕೆ ಪ್ರಧಾನ. ಮಾತ್ರೆಯಿಂದ ನಿದ್ರೆ ಬರಬಹುದು. 'ನಾನು ಮಾಡಿದ್ದು ಸರಿಯೇ' ಎಂಬ ಪ್ರಶ್ನೆಗೆ ಉತ್ತರ ದೊರೆಯದು.

ಧರ್ಮಗಳು ಈ ಸತ್ಯವನ್ನು ಹಿಂದೆಯೇ ಅರಿತಿದ್ದವು. ಕೊಂದು ಬಂದ ಯೋಧರು 7 ದಿನ ಪಾಳೆಯದ ಹೊರಗಿದ್ದು ಶುದ್ಧರಾಗಬೇಕೆಂದು ಬೈಬಲ್ಲಿನ ಅರಣ್ಯಕಾಂಡ ವಿಧಿಸುತ್ತದೆ. 1066ರ ಹೇಸ್ಟಿಂಗ್ಸ್ ಕದನದ ನಂತರ ಬಿಷಪ್ಪರು ಗೆದ್ದ ನಾರ್ಮನ್ನರಿಗೇ ಪ್ರಾಯಶ್ಚಿತ್ತ ವಿಧಿಸಿದ್ದರು: ಕೊಂದ ಪ್ರತಿ ವ್ಯಕ್ತಿಗೆ 1 ವರ್ಷ, ಲೆಕ್ಕ ತಿಳಿಯದವರಿಗೆ ವಾರಕ್ಕೊಂದು ದಿನದಂತೆ ಜೀವನಪರ್ಯಂತ. ಹೊರಲಾರದ ಭಾರಕ್ಕೆ ಹೀಗೊಂದು ಅಳತೆ ಸಿಗುತ್ತಿತ್ತು. ಸಮಾಜಕ್ಕೆ ಮರಳುವ ದಾರಿಯೂ ತೆರೆದಿರುತ್ತಿತ್ತು.

ಅಮೆರಿಕದ ಫಿಲಡೆಲ್ಫಿಯಾದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಧರ್ಮಗುರು ಹಾಗೂ ಮನಃಶಾಸ್ತ್ರಜ್ಞರು ಜೊತೆಗೂಡಿ ರೂಪಿಸಿದ ಕಾರ್ಯಕ್ರಮ ಇದೇ ಜಾಡಿನದು. ವಾರಗಟ್ಟಲೆ ಗುಂಪಿನಲ್ಲಿ ಮಾತನಾಡಿದ ಬಳಿಕ ಮಾಜಿ ಸೈನಿಕರು ಸಾರ್ವಜನಿಕರ ಮುಂದೆ ತಮ್ಮ ಅನುಭವವನ್ನು ನಿವೇದಿಸುತ್ತಾರೆ. ಯುದ್ಧಕ್ಕೆ ಕಳುಹಿಸಿದ ಹೊಣೆ ತಮ್ಮದೂ ಹೌದೆಂದು ನೆರೆದವರು ಒಪ್ಪಿಕೊಳ್ಳುತ್ತಾರೆ. ಒಬ್ಬನ ಹೆಗಲ ಮೇಲಿದ್ದ ಹೊರೆ ಹಲವರಿಗೆ ಹಂಚಿಹೋಗುತ್ತದೆ.

ಆದರೆ ಆಚರಣೆ ಮಂತ್ರದಂಡವಲ್ಲ. 'ದೇವರು ಕ್ಷಮಿಸಿದ್ದಾನೆ, ಮರೆತುಬಿಡು' ಎಂಬ ಅವಸರದ ಸಾಂತ್ವನ ನೊಂದವನ ಬಾಯಿ ಮುಚ್ಚಿಸಬಹುದು. ತೀರ್ಪು ನೀಡದೆ ಪೂರ್ತಿ ಆಲಿಸುವುದೇ ಧರ್ಮಗುರುವಿನ ಮೊದಲ ಕರ್ತವ್ಯ. ತೀವ್ರ ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆ ಕಂಡರೆ ವೈದ್ಯರ ನೆರವು ಅನಿವಾರ್ಯ. ನೊಂದವನ ಕೈಯಿಂದ ಹಾನಿಗೊಳಗಾದವರನ್ನು ಮರೆತ ಕ್ಷಮೆಯೂ ಅಪೂರ್ಣವೇ.

ಭಾರತೀಯ ಸೇನೆಯಲ್ಲೂ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿಗಳು ಧಾರ್ಮಿಕ ಬೋಧಕರಾಗಿ ಸೇವೆ ಸಲ್ಲಿಸುತ್ತಾರೆ. ಯೋಧನ ಶೌರ್ಯಕ್ಕೆ ಹಾರ ಹಾಕುವ ಸಮಾಜ ಅವನ ಅಳಲಿಗೂ ಕಿವಿಗೊಟ್ಟಾಗಲೇ ಈ ಗಾಯ ಮಾಯಲು ತೊಡಗುತ್ತದೆ.