ನೋಡುವವರಿಗಾಗಿ ಆಡುವ ಮಾತು

ಮಾತು ಮನುಷ್ಯನಿಗೆ ದೇವರಿತ್ತ ವರ. ಇಂದು ನಮ್ಮ ಕುಟುಂಬಗಳ, ಧರ್ಮಕೇಂದ್ರಗಳ, ಸಂಘಗಳ ಮಾತುಕತೆಯ ಬಹುಭಾಗ ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ನಡೆಯುತ್ತಿದೆ. ದೂರದ ನಾಡುಗಳಲ್ಲಿ ದುಡಿಯುವ ಮಕ್ಕಳನ್ನು ಹೆತ್ತವರೊಡನೆ ಬೆಸೆದ ಈ ಸಾಧನಗಳ ಉಪಕಾರವನ್ನು ನಾವು ಮರೆಯಲಾಗದು. ಆದರೆ ಅಲ್ಲಿ ನಾವಾಡುವ ಮಾತು ಎಷ್ಟರಮಟ್ಟಿಗೆ ಪ್ರಾಮಾಣಿಕವಾದುದು?

2009ರಲ್ಲಿ ಫೇಸ್‌ಬುಕ್‌ಗೆ ಮೆಚ್ಚುಗೆಯ ಗುಂಡಿ ಬಂದಿತು. ಎಷ್ಟು ಮಂದಿ ಮೆಚ್ಚಿದರೆಂಬ ಲೆಕ್ಕ ಎಲ್ಲರ ಕಣ್ಣಿಗೂ ಬೀಳತೊಡಗಿದಾಗ, ಆಡುವವನ ಗಮನ ಕೇಳುವವನನ್ನು ಬಿಟ್ಟು ನೋಡುವವರ ಕಡೆಗೆ ಹೊರಳುವುದು ಸಹಜ. ಒಬ್ಬರಿಗೆ ಬರೆದ ಉತ್ತರವೂ ನೂರು ಮಂದಿಯ ಚಪ್ಪಾಳೆಯನ್ನು ಬಯಸುತ್ತದೆ. ಜನರು ನೋಡಲೆಂದು ಬೀದಿಯ ಮೂಲೆಗಳಲ್ಲಿ ನಿಂತು ಪ್ರಾರ್ಥಿಸುವವರ ಕುರಿತು ಯೇಸುಸ್ವಾಮಿ ನೀಡಿದ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ.

ತಪ್ಪಿದ ಸೋದರನನ್ನು ತಿದ್ದುವ ಕ್ರಮವನ್ನು ಸಂತ ಮತ್ತಾಯರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಮೊದಲು ಏಕಾಂತದಲ್ಲಿ ಹೇಳಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಅದಕ್ಕೂ ಮಣಿಯದಿದ್ದರೆ ಸಭೆಗೆ ತಿಳಿಸಬೇಕು. ನಾವಾದರೋ ಈ ಕ್ರಮವನ್ನು ತಲೆಕೆಳಗಾಗಿಸಿದ್ದೇವೆ. ಹಬ್ಬದ ಲೆಕ್ಕಪತ್ರದಲ್ಲಿ ಸಂದೇಹವಿದ್ದರೆ ಕಾರ್ಯದರ್ಶಿಯ ಮನೆಗೆ ಹೋಗಿ ಕೇಳುವುದಿಲ್ಲ. ಧರ್ಮಕೇಂದ್ರದ ಇಡೀ ಗುಂಪಿನೆದುರು ಪ್ರಶ್ನೆ ಎಸೆಯುತ್ತೇವೆ. ಆತನೂ ನಿಜ ಹೇಳುವುದಕ್ಕಿಂತ ಮಾನ ಉಳಿಸಿಕೊಳ್ಳುವುದಕ್ಕಾಗಿ ಉತ್ತರಿಸುತ್ತಾನೆ. ಎರಡು ಪಕ್ಷಗಳು ಹುಟ್ಟುತ್ತವೆ. ಸತ್ಯ ಮಾತ್ರ ಹೊರಬರುವುದಿಲ್ಲ. ದುರ್ಬಲರಿಗಾಗುವ ಅನ್ಯಾಯವನ್ನು ಮುಚ್ಚಿಡಬೇಕೆಂದು ಇದರ ಅರ್ಥವಲ್ಲ. ಅಲ್ಲಿ ಮೌನವೇ ಕಪಟವಾದೀತು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸೂಚಿಸಿದಂತೆ, ಧರ್ಮಸಭೆ 1967ರಿಂದ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸುತ್ತಿದೆ. ಪ್ರೀತಿಯಿಂದ ಸತ್ಯವನ್ನು ನುಡಿಯಬೇಕೆಂಬುದೇ 2023ರ ಆ ದಿನಕ್ಕಾಗಿ ಪೋಪ್ ಫ್ರಾನ್ಸಿಸರು ನೀಡಿದ ಸಂದೇಶದ ಸಾರ. ಅದರಲ್ಲಿ ಅವರು ಆದರ್ಶವಾಗಿ ತೋರಿದವರು ಜಿನೀವಾದ ಬಿಷಪರಾಗಿದ್ದ ಸಂತ ಫ್ರಾನ್ಸಿಸ್ ಡಿ ಸೇಲ್ಸ್. ಬೋಧನೆ ಕೇಳಲು ಬಾರದವರ ಮನೆಗಳಿಗೆ ತಾವು ಬರೆದ ಹಾಳೆಗಳನ್ನು ತಲುಪಿಸಿದ ಈ ಸಂತರು, ವಿರೋಧಿಗಳೊಡನೆಯೂ ಸೌಮ್ಯವಾಗಿ ನುಡಿದರು. 1923ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಇವರನ್ನು ಕಥೋಲಿಕ ಬರಹಗಾರರ ಪಾಲಕ ಸಂತರೆಂದು ಘೋಷಿಸಿದರು. ಫೋನ್ ಹಿಡಿದ ಪ್ರತಿಯೊಬ್ಬನೂ ಬರಹಗಾರನಾಗಿರುವ ಈ ಕಾಲದಲ್ಲಿ ಅವರು ನಮ್ಮೆಲ್ಲರ ಪಾಲಕರು.

ಆದುದರಿಂದ ಸಂದೇಶವನ್ನು ಕಳುಹಿಸುವ ಮುನ್ನ ನಮ್ಮ ಅಂತಃಸಾಕ್ಷಿಯನ್ನು ಕೇಳಿಕೊಳ್ಳೋಣ: ಈ ಮಾತನ್ನು ಆತನ ಮುಖ ನೋಡಿ ಹೇಳಬಲ್ಲೆವೆ? ಮೆಚ್ಚುವವರು ಯಾರೂ ಇಲ್ಲದಿದ್ದರೂ ಬರೆಯುತ್ತಿದ್ದೆವೆ? ಸಂಜೆಯ ಜಪಸರದ ಬಳಿಕ ತಂದೆತಾಯಂದಿರು ಈ ಎರಡು ಪ್ರಶ್ನೆಗಳನ್ನು ಮಕ್ಕಳಿಗೂ ಕಲಿಸಲಿ. ಮೊದಲು ತಾವೇ ಅವುಗಳಿಗೆ ಉತ್ತರ ಕೊಟ್ಟುಕೊಳ್ಳಲಿ.